ಸಂಜೆ ಬಿಳಿ, ಮರುದಿನ ಗುಲಾಬಿ

ಮಕ್ಕಳೇ, ಗೇಟಿನ ಕಮಾನಿನ ಮೇಲೆ ಹಬ್ಬಿದ ಮಧುಮಾಲತಿಯನ್ನು ನೋಡಿದ್ದೀರಲ್ಲ? ರಂಗೂನ್ ಕ್ರೀಪರ್ ಎಂದರೂ ಇದೇ. ಇಂಗ್ಲಿಷಿನವರು ಇದನ್ನು ಚೈನೀಸ್ ಹನಿಸಕಲ್ ಎಂದೂ ಕರೆಯುತ್ತಾರೆ. ಆದರೆ ನಿಜವಾದ ಹನಿಸಕಲ್ ಬಳ್ಳಿಯ ಕುಟುಂಬವೇ ಬೇರೆ. ನಮ್ಮ ಮಧುಮಾಲತಿಯ ನೆಂಟರು ಯಾರು ಗೊತ್ತೇ? ಅಜ್ಜಿಯ ಮದ್ದಿನ ಡಬ್ಬಿಯ ಅಳಲೆಕಾಯಿ ಮತ್ತು ಕಾಡಿನ ಮತ್ತಿಮರ!

ಒಂದೇ ಗೊಂಚಲಿನಲ್ಲಿ ಬಿಳಿ, ಗುಲಾಬಿ, ಕೆಂಪು ಹೂಗಳಿರುತ್ತವೆ. ಅವು ಮೂರು ಜಾತಿಯಲ್ಲ, ಮೂರು ವಯಸ್ಸು. ಸಂಜೆ ಅರಳುವಾಗ ಹೂ ಬಿಳಿ. ಮರುದಿನ ಗುಲಾಬಿ, ಮೂರನೆಯ ದಿನಕ್ಕೆ ಕೆಂಪು. ಕತ್ತಲಲ್ಲಿ ಬಿಳಿ ಬಣ್ಣ ಎದ್ದು ಕಾಣುತ್ತದೆ, ಪರಿಮಳವೂ ಹರಡುತ್ತದೆ. ಆಗ ಬರುವ ಅತಿಥಿ ಉದ್ದ ಸೊಂಡಿಲಿನ ಪತಂಗ. ಬೆರಳುದ್ದದ ಹೂಕೊಳವೆಯ ತಳದಲ್ಲಿರುವ ಮಕರಂದ ಅದಕ್ಕೆ ಸುಲಭವಾಗಿ ಎಟುಕುತ್ತದೆ. ಹಗಲಿನಲ್ಲಿ ಜೇನ್ನೊಣ, ಚಿಟ್ಟೆ, ಸೂರಕ್ಕಿಗಳ ಸರದಿ.

ನೀವೇ ಪರೀಕ್ಷಿಸಿ. ಇಂದು ಸಂಜೆ ಅರಳುವ ಒಂದು ಮೊಗ್ಗಿನ ತೊಟ್ಟಿಗೆ ಸಡಿಲವಾಗಿ ದಾರ ಕಟ್ಟಿ, ಮೂರು ದಿನ ಬಣ್ಣ ಬರೆದಿಡಿ.

ಬಳ್ಳಿ ಬೆಳೆಸಲು ಮಳೆಗಾಲ ಒಳ್ಳೆಯದು. ಪೆನ್ಸಿಲ್ ದಪ್ಪದ ಕಡ್ಡಿಯಲ್ಲಿ ನಾಲ್ಕು ಗೆಣ್ಣು ಇರಲಿ; ಎರಡನ್ನು ಮಣ್ಣಿನೊಳಗೆ ಊರಿ ನೆರಳಲ್ಲಿಡಿ. ಚಿಗುರು ಬಲಿತ ಮೇಲೆ ಚೆನ್ನಾಗಿ ಬಿಸಿಲು ಬೀಳುವ ಕಡೆ ನೆಡಿ. ನೆರಳಲ್ಲಿದ್ದರೆ ಎಲೆ ಹೆಚ್ಚು, ಹೂ ಕಡಿಮೆ. ನೀರು ನಿಲ್ಲಬಾರದು. ಬಳ್ಳಿ ಬಲು ಭಾರವಾಗುತ್ತದೆ. ತೆಳ್ಳನೆಯ ಕೋಲು ಸಾಲದು, ಗಟ್ಟಿ ಕಮಾನು ಬೇಕು.

ಇನ್ನು ಅಜ್ಜ ಅಜ್ಜಿಯರಿಗೊಂದು ಮಾತು. “ಅಂಗಳ ಗುಡಿಸಿ ಸಾಕಾಯಿತು, ಬಳ್ಳಿ ಸೂರು ಹತ್ತಿತು” ಎಂದು ಎಷ್ಟೋ ಮನೆಗಳಲ್ಲಿ ಇದನ್ನು ಬುಡಸಮೇತ ಕೀಳಿಸುತ್ತಾರೆ. ಅಷ್ಟು ಕೋಪ ಬೇಡ. ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಾಗಾಗಿ ಹೂವಿನ ಭರಾಟೆ ಮುಗಿದ ಮೇಲೆ ಧೈರ್ಯವಾಗಿ ಕತ್ತರಿಸಿ. ಮತ್ತೆ ಚಿಗುರಿ ಇನ್ನಷ್ಟು ಹೂ ಬಿಡುತ್ತದೆ. ಮೊಗ್ಗು ತುಂಬಿದಾಗ ಮಾತ್ರ ಕತ್ತರಿ ಹಾಕಬೇಡಿ. ಎಲೆ ಉದುರಿದ ಜಾಗದಲ್ಲಿ ತೊಟ್ಟು ಮುಳ್ಳಿನಂತೆ ಉಳಿದಿರುತ್ತದೆ, ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ. ಬುಡದಲ್ಲಿ ಎದ್ದ ಮರಿಗಳನ್ನು ಬೇರುಸಹಿತ ಕಿತ್ತು ನೆರೆಮನೆಗೆ ಕೊಡಿ.

ಕತ್ತರಿ ಹಿಡಿಯುವ ಮೊದಲು ಮೊಮ್ಮಕ್ಕಳನ್ನು ಕರೆಯಿರಿ. ಪೊದೆಯೊಳಗೆ ಪಿಕಳಾರದ ಗೂಡಿದೆಯೇ ಎಂದು ಅವರ ಚುರುಕು ಕಣ್ಣು ಹುಡುಕಲಿ. ಗೂಡಿದ್ದರೆ ಮರಿಗಳು ಹಾರಿಹೋಗುವ ತನಕ ಕತ್ತರಿ ಗೂಟದಲ್ಲೇ ತೂಗಲಿ.