ಹಾಡು ಸಿಕ್ಕಿತು, ಪಾಠ ಸಿಗಲಿಲ್ಲ

ಹೈದರಾಬಾದಿನ ಎರ್ರಗಡ್ಡದ ಭಾನುವಾರದ ಸಂತೆಯಲ್ಲಿ ಕೆಟ್ಟ ಮಿಕ್ಸಿ, ಬಿಚ್ಚಿಟ್ಟ ಟಿ.ವಿ., ಜೋಡಿ ತಪ್ಪಿದ ಸ್ಪೀಕರುಗಳ ನಡುವೆ ಒಮ್ಮೊಮ್ಮೆ ಹಳೇ ರೆಕಾರ್ಡುಗಳ ಕಟ್ಟೂ ಬಂದು ಕೂತಿರುತ್ತದೆ. ಅದರ ಮುಂದೆ ಕುಕ್ಕರಗಾಲಲ್ಲಿ ಕೂರುವವರಲ್ಲಿ ಎರಡು ಬಗೆ. ಕವರಿನ ಚಿತ್ರ ನೋಡಿ, ಹಾಡಿನ ಹೆಸರು ಓದಿ, ಬೆಲೆ ಕೇಳುವವರು ಒಂದು ಬಗೆ. ಇನ್ನೊಂದು ಬಗೆಯವರು ಪ್ಲೇಟನ್ನು ಹೊರಗೆಳೆದು ಬಿಸಿಲಿಗೆ ಓರೆಯಾಗಿ ಹಿಡಿಯುತ್ತಾರೆ. ಲೇಬಲ್ಲಿಗೂ ಹಾಡಿನ ಗೆರೆಗಳಿಗೂ ನಡುವೆ ಇರುವ ನುಣುಪು ಪಟ್ಟಿಯಲ್ಲಿ ಕೊರೆದ ಅಂಕಿಗಳನ್ನು ವೀರಗಲ್ಲು ಓದುವವರ ಹಾಗೆ ಓದುತ್ತಾರೆ. ಈ ಎರಡನೆಯವರಿಗಾಗಿಯೇ ಎಂದು ಹೇಳಿಕೊಂಡು ಕಂಪನಿಗಳು ಹಳೇ ಹಾಡುಗಳ ಬಾಕ್ಸ್ ಸೆಟ್ ತರುತ್ತವೆ. ಆ ಪೆಟ್ಟಿಗೆಯಿಂದ ತೃಪ್ತರಾಗುವವರು ಮಾತ್ರ ಮೊದಲನೆಯವರು.

ಬೀಟಲ್ಸ್ ತಂಡದ ಸಿಂಗಲ್‌ಗಳ ಪೆಟ್ಟಿಗೆಯನ್ನೇ ನೋಡಿ. 2019ರ ನವೆಂಬರಿನಲ್ಲಿ ಬಂತು. ಏಳಿಂಚಿನ 23 ಪ್ಲೇಟು, 46 ಹಾಡು, ಬೇರೆ ಬೇರೆ ದೇಶಗಳಲ್ಲಿ ಆ ಕಾಲಕ್ಕೆ ಬಂದಿದ್ದ ಕವರುಗಳ ಮರುಮುದ್ರಣ, ಜೊತೆಗೊಂದು ಪುಸ್ತಕ. ಕೆಲಸ ನಡೆದದ್ದು ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲೇ. ಇಷ್ಟಾದ ಮೇಲೂ ಗೊಣಗುವವನನ್ನು ಅತೃಪ್ತ ಆತ್ಮ ಅಂದುಬಿಡುವುದು ಸುಲಭ. ಅವನು ಏನೆಂದು ಗೊಣಗುತ್ತಿದ್ದಾನೆ ಎಂದು ಕೇಳಿಸಿಕೊಳ್ಳುವವರು ಕಡಿಮೆ.

ಈ ತಂಡದ ಮೊದಲ ಸಿಂಗಲ್ 'ಲವ್ ಮಿ ಡೂ' ಬಂದದ್ದು 1962ರಲ್ಲಿ. ಒಂದೇ ತಿಂಗಳಲ್ಲಿ, ವಾರದ ಅಂತರದಲ್ಲಿ, ಅದನ್ನು ಎರಡು ಸಲ ರೆಕಾರ್ಡ್ ಮಾಡಿದರು. ಸೆಪ್ಟೆಂಬರ್ 4ರಂದು ಡ್ರಮ್ ನುಡಿಸಿದ್ದು ರಿಂಗೋ ಸ್ಟಾರ್. 11ರಂದು ಆಂಡಿ ವೈಟ್ ಎಂಬ ಬಾಡಿಗೆ ಕಲಾವಿದ ಡ್ರಮ್ಮಿಗೆ ಕೂತು, ರಿಂಗೋ ಕೈಗೆ ಟ್ಯಾಂಬರೀನ್ ಬಂತು. ಮೊದಲು ಅಂಗಡಿಗೆ ಬಂದ ಸಿಂಗಲ್‌ನಲ್ಲಿ ರಿಂಗೋ ಡ್ರಮ್. ಆಲ್ಬಮ್ಮಿನಲ್ಲಿ, ಆಮೇಲಿನ ಸಿಂಗಲ್‌ಗಳಲ್ಲಿ ಆಂಡಿ ವೈಟ್. ಟ್ಯಾಂಬರೀನಿನ ಗಿಲಿಗಿಲಿ ಕೇಳಿಸಿದರೆ ಅದು ಎರಡನೆಯದು. ಸ್ವಾರಸ್ಯ ಇರುವುದು ಮುಂದೆ: ರಿಂಗೋ ನುಡಿಸಿದ್ದರ ಮಾಸ್ಟರ್ ಟೇಪ್ ಉಳಿಯಲಿಲ್ಲ. ಮುಂದೆ ಆ ರೂಪವನ್ನು ಮತ್ತೆ ಹೊರತರುವಾಗ ಕಂಪನಿ ಒಂದು ಒಳ್ಳೆಯ ಹಳೇ ಪ್ಲೇಟನ್ನೇ ಹುಡುಕಿ, ಅದನ್ನು ನುಡಿಸಿ, ಪ್ರತಿ ಮಾಡಿಕೊಳ್ಳಬೇಕಾಯಿತು. ಮೂಲ ಉಳಿದದ್ದು ಪ್ಲೇಟಿನಲ್ಲಿ. ಪ್ಲೇಟುಗಳನ್ನು ಒರೆಸಿ, ಕವರಿನೊಳಗಿಟ್ಟು ಕಾಯುವವರು ಯಾರು? ಬಿಸಿಲಿಗೆ ಹಿಡಿದು ಅಂಕಿ ಓದುವ ಇದೇ ಅತೃಪ್ತ ಆತ್ಮ.

ಈ ಕಥೆಯಲ್ಲಿ ಭಾರತಕ್ಕೂ ಒಂದು ಪಾಲಿದೆ. ಬ್ರಿಟನ್ನಿನಲ್ಲಿ 1960ರ ಹೊತ್ತಿಗೆ 78ರ ವೇಗದ ಪ್ಲೇಟುಗಳ ತಯಾರಿಕೆ ಹೆಚ್ಚುಕಡಿಮೆ ನಿಂತುಹೋಗಿತ್ತು. ಇಲ್ಲಿ ಕೀಲಿ ಕೊಟ್ಟು ತಿರುಗಿಸುವ ಗ್ರಾಮೋಫೋನುಗಳು ಇನ್ನೂ ಮನೆಗಳಲ್ಲಿದ್ದವು, ಎಷ್ಟೋ ಮನೆಗಳಿಗೆ ಕರೆಂಟೇ ಇರಲಿಲ್ಲ. ಹಾಗಾಗಿ ಕಲ್ಕತ್ತೆಯ ದಮ್ ದಮ್ ಕಾರ್ಖಾನೆಯಲ್ಲಿ ಗ್ರಾಮೋಫೋನ್ ಕಂಪನಿ ಬೀಟಲ್ಸ್ ಹಾಡುಗಳನ್ನೂ 78ರ ಅರಗಿನ ಪ್ಲೇಟಿಗೆ ಒತ್ತಿತು. ಕೈಜಾರಿದರೆ ಹಪ್ಪಳದ ಹಾಗೆ ಮುರಿಯುವ ಆ ಪ್ಲೇಟುಗಳಿಗಾಗಿ ಇವತ್ತು ಜಗತ್ತಿನ ಸಂಗ್ರಹಕಾರರು ಪೈಪೋಟಿ ನಡೆಸುತ್ತಾರೆ. 2019ರ ಪೆಟ್ಟಿಗೆಯಲ್ಲಿ ಇರುವುದೆಲ್ಲ 45ರ ವೇಗದವು. ತಪ್ಪೇನಲ್ಲ, ಅದು ಲಂಡನ್ನಿನ ಕಿವಿ ಕೇಳಿದ ಬೀಟಲ್ಸ್. ಸಿಕಂದರಾಬಾದಿನ ಒಂದು ಮನೆಯಲ್ಲಿ ಸೂಜಿ ಬದಲಿಸುತ್ತ, ಕೀಲಿ ಕೊಡುತ್ತ ಕೇಳಿದ ಬೀಟಲ್ಸ್ ಬೇರೆ.

ಅಭಿಮಾನಿ ಕೇಳುವುದು ಹಾಡನ್ನಲ್ಲ, ಪಾಠವನ್ನು. ಗ್ರಂಥಸಂಪಾದನೆಯಲ್ಲಿ ಪಾಠ ಎನ್ನುತ್ತೇವಲ್ಲ, ಆ ಅರ್ಥದಲ್ಲಿ. ಈ ವಿಷಯದಲ್ಲಿ ಕನ್ನಡದ ಓದುಗರಿಗೆ ಯಾರೂ ಹೊಸದಾಗಿ ಏನೂ ಹೇಳಿಕೊಡಬೇಕಿಲ್ಲ. ಹಳಗನ್ನಡ ಕಾವ್ಯವೊಂದನ್ನು ಸಂಪಾದಿಸುವವರು ಯಾವ ಓಲೆಗರಿ ಪ್ರತಿ ಎಲ್ಲಿ ಸಿಕ್ಕಿತು, ಯಾವುದಕ್ಕೆ ಕ, ಯಾವುದಕ್ಕೆ ಖ ಎಂದು ಗುರುತು ಕೊಟ್ಟಿದ್ದೇವೆ, ಒಪ್ಪದ ಪಾಠ ಏನಿತ್ತು ಎಂಬುದನ್ನೆಲ್ಲ ಪುಟದ ಅಡಿಯಲ್ಲಿ ಕೊಡುತ್ತಾರೆ. ಡಿ.ಎಲ್. ನರಸಿಂಹಾಚಾರ್ಯರು ಈ ವಿದ್ಯೆಗೆಂದೇ ಒಂದು ದೊಡ್ಡ ಪುಸ್ತಕ ಬರೆದರು. ಸಂಪಾದಕ ತಪ್ಪು ಪಾಠ ಆರಿಸಿದ್ದರೂ ಅಡಿಟಿಪ್ಪಣಿ ಇದ್ದರೆ ಓದುಗ ಸರಿ ಮಾಡಿಕೊಳ್ಳಬಲ್ಲ. ಬಾಕ್ಸ್ ಸೆಟ್‌ಗಳಲ್ಲಿ ಎಷ್ಟೋ ಸಲ ಇರದಿರುವುದು ಈ ಅಡಿಟಿಪ್ಪಣಿ. 'ಹೊಸದಾಗಿ ಶುದ್ಧೀಕರಿಸಲಾಗಿದೆ' ಎಂಬ ಒಂದು ಸಾಲು ಇರುತ್ತದೆ. ಯಾವುದರಿಂದ, ಏನನ್ನು ತೆಗೆದು, ಏನನ್ನು ಉಳಿಸಿ ಎಂಬುದು ಇರುವುದಿಲ್ಲ.

ಹಾಗಾದರೆ ಕನ್ನಡ ಹಾಡುಗಳ ಗತಿ? ಅರವತ್ತು, ಎಪ್ಪತ್ತರ ದಶಕದ ಕನ್ನಡ ಚಿತ್ರಗೀತೆ ಮನೆಗೆ ಬರುತ್ತಿದ್ದದ್ದು ಹೆಚ್ಚಾಗಿ ಏಳಿಂಚಿನ ಇ.ಪಿ.ಯಲ್ಲಿ, ಒಂದೊಂದು ಮಗ್ಗುಲಿಗೆ ಎರಡರಂತೆ ನಾಲ್ಕು ಹಾಡು. ಜಾಗ ಕಡಿಮೆ. 78ರ ಕಾಲದಲ್ಲಂತೂ ಮಗ್ಗುಲಿಗೆ ಮೂರು, ಮೂರೂವರೆ ನಿಮಿಷ. ಹಾಗಾಗಿ ಚಿತ್ರಮಂದಿರದಲ್ಲಿ ಕೇಳಿದ್ದಕ್ಕೂ ಪ್ಲೇಟಿನಲ್ಲಿ ಬಂದದ್ದಕ್ಕೂ ವ್ಯತ್ಯಾಸ ಬೀಳುತ್ತಿತ್ತು: ಒಂದು ಚರಣ ಮಾಯ, ನಡುವಿನ ವಾದ್ಯ ಮೊಟಕು, ಕೆಲವೊಮ್ಮೆ ಪ್ಲೇಟಿಗೆಂದೇ ಬೇರೆ ಟೇಕ್. ಅ.ನ.ಕೃ. ಕಾದಂಬರಿ ಆಧರಿಸಿದ 1966ರ 'ಸಂಧ್ಯಾರಾಗ'ದಲ್ಲಿ ಭೀಮಸೇನ ಜೋಷಿಯವರೂ ಬಾಲಮುರಳಿಕೃಷ್ಣ ಅವರೂ ಹಾಡಿದ್ದಾರೆ. ಅಂಥ ಚಿತ್ರದ ಗೀತೆಗಳನ್ನು 'ಹಳೆಯ ಮಧುರ ಗೀತೆಗಳು' ಎಂಬ ಬುಟ್ಟಿಗೆ ಹಾಕಿ ಕಲಸಿದರೆ ಯಾರು ಯಾವುದನ್ನು ಎಲ್ಲಿ ಹಾಡಿದರು ಎಂಬುದೇ ಕಳೆದುಹೋಗುತ್ತದೆ. ತೊಂಬತ್ತರ ದಶಕದಲ್ಲಿ ಹಿಂದಿ ಹಾಡುಗಳಿಗೆ ಝಂಕಾರ್ ಬೀಟ್ಸ್ ಬಳಿದ ಕ್ಯಾಸೆಟ್‌ಗಳು ನೆನಪಿರುವವರಿಗೆ ಈ ಆತಂಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸರೆಗಮ ಕಂಪನಿ 2017ರಲ್ಲಿ ಐದು ಸಾವಿರ ಹಿಂದಿ ಹಾಡು ತುಂಬಿದ ಕಾರವಾನ್ ತಂದಿತು, ಆಮೇಲೆ ಕನ್ನಡದ್ದೂ ಬಂತು. ಅದು ಒಳ್ಳೆಯ ಸಾಧನವೇ. ಮೊಬೈಲಿನಲ್ಲಿ ಬೆರಳಾಡಿಸಲು ಬಾರದ ಅಜ್ಜಿ ಗುಂಡಿ ತಿರುಗಿಸಿ ಪಿ.ಬಿ. ಶ್ರೀನಿವಾಸ್ ಕೇಳುತ್ತಾರೆ. ಅವರಿಗೆ ಬೇಕಿದ್ದದ್ದು ಹಾಡು, ಹಾಡು ಸಿಕ್ಕಿದೆ. ಆದರೆ ಅದರಿಂದ ಸಂರಕ್ಷಣೆಯ ಕೆಲಸವೂ ಮುಗಿಯಿತು ಎಂದು ಯಾರಾದರೂ ಅಂದುಕೊಂಡರೆ, ಜನಪ್ರಿಯ ಆವೃತ್ತಿ ಅಚ್ಚಾಯಿತಲ್ಲ, ಓಲೆಗರಿ ಬಿಸಾಕಿ ಎಂದಂತೆ.

ಅಭಿಮಾನಿಗಳೆಲ್ಲ ಸಂತರೇನಲ್ಲ. ತನ್ನ ಬಳಿ ಇರುವ ಪ್ಲೇಟು ಮರುಮುದ್ರಣವಾದರೆ ಬೆಲೆ ಇಳಿದೀತು ಎಂದು ಒಳಗೊಳಗೇ ಉರಿದುಕೊಳ್ಳುವವರಿದ್ದಾರೆ. ಬೀರುವಿಗೆ ಬೀಗ ಹಾಕಿ, ಕೇಳಲೂ ಬಿಡದೆ, ಪಟ್ಟಿಯನ್ನು ಮಾತ್ರ ತೋರಿಸುವವರೂ ಇದ್ದಾರೆ. ಅವರನ್ನು ಯಾವ ಪೆಟ್ಟಿಗೆಯೂ ತೃಪ್ತಿಪಡಿಸದು, ಪಡಿಸಬೇಕಾಗಿಯೂ ಇಲ್ಲ. ಆದರೆ ಕಾನ್ಪುರದ ಹರ್ ಮಂದಿರ್ ಸಿಂಗ್ 'ಹಮ್‌ರಾಜ್' ಅವರಂಥವರನ್ನೂ ಹುಟ್ಟಿಸಿದ್ದು ಇದೇ ಗೀಳು. ಹಿಂದಿ ಚಿತ್ರಗೀತೆಗಳನ್ನು ರೆಕಾರ್ಡ್ ಸಂಖ್ಯೆಗಳ ಸಮೇತ ಪಟ್ಟಿ ಮಾಡಿದ ಅವರ 'ಹಿಂದಿ ಫಿಲ್ಮ್ ಗೀತ್ ಕೋಶ್' ಸಂಪುಟಗಳು ಇಲ್ಲದಿದ್ದರೆ ಆ ಹಾಡುಗಳ ಚರಿತ್ರೆ ಬರೆಯಹೊರಟವರಿಗೆ ಬರೀ ನೆನಪೇ ಗತಿಯಾಗುತ್ತಿತ್ತು.

ಕನ್ನಡದ ಇ.ಪಿ.ಗಳನ್ನು ಪೆಟ್ಟಿಗೆಯಲ್ಲಿ ತರುವ ಮನಸ್ಸು ಯಾವುದಾದರೂ ಕಂಪನಿಗೆ ಬಂದರೆ, ರೇಷ್ಮೆ ಬಟ್ಟೆ ಸುತ್ತಿದ ಡಬ್ಬ ಬೇಡ. ಹಾಡಿಗೊಂದು ಪುಟ ಸಾಕು: ಲೇಬಲ್ಲಿನ ಚಿತ್ರ, ರೆಕಾರ್ಡ್ ಸಂಖ್ಯೆ, ಕೊರೆದ ಅಂಕಿ, ಟೇಪಿನಿಂದ ಬಂತೋ ಪ್ಲೇಟಿನಿಂದಲೋ, ಚಿತ್ರದ ರೂಪಕ್ಕೂ ಇದಕ್ಕೂ ಏನು ವ್ಯತ್ಯಾಸ, ವಾದ್ಯ ನುಡಿಸಿದವರ ಹೆಸರು ಸಿಕ್ಕಿದರೆ ಅದು, ಪ್ಲೇಟು ಕೊಟ್ಟ ಅಭಿಮಾನಿಯ ಊರು. ಆ ಊರುಗಳಲ್ಲಿ ಹೈದರಾಬಾದೂ ಇರಬೇಕಾದೀತು. 1956ರವರೆಗೆ ಕಲಬುರಗಿ, ಬೀದರ್, ರಾಯಚೂರಿಗೆ ರಾಜಧಾನಿಯಾಗಿದ್ದ ಊರಿದು. ಗಡಿ ಬದಲಾದ ಮೇಲೂ ಕಾಚಿಗೂಡದ ಸುತ್ತ ಉಳಿದುಕೊಂಡ ಕನ್ನಡ ಮನೆಗಳಿಗೆ ಬೆಂಗಳೂರು ದೂರ, ಪ್ಲೇಟು ಹತ್ತಿರ. ಅಂಥ ಮನೆಗಳು ಈಗ ಒಂದೊಂದಾಗಿ ಅಪಾರ್ಟ್‌ಮೆಂಟ್ ಆಗುತ್ತಿವೆ. ಮಕ್ಕಳು ಮನೆ ಖಾಲಿ ಮಾಡುವಾಗ ಅಟ್ಟದ ಮೇಲಿನ ಟ್ರಂಕು ಇಳಿಯುತ್ತದೆ. ರದ್ದಿಯವನು ಹಿತ್ತಾಳೆ ಪಾತ್ರೆಗೊಂದು ದರ, ಪೇಪರಿಗೊಂದು ದರ ಹೇಳುತ್ತಾನೆ, ಪ್ಲೇಟುಗಳನ್ನು ಪ್ಲಾಸ್ಟಿಕ್ಕಿನ ಜೊತೆಗೆ ತೂಗುತ್ತಾನೆ.