ಬರಿದಾದ ಕೊಠಡಿಯ ದೀಪ

ಮುಂಬಯಿ ಕನ್ನಡಿಗರ ವಿದ್ಯಾಭ್ಯಾಸದ ಇತಿಹಾಸವು ಬಹುಮಟ್ಟಿಗೆ ದೀಪದ ಬೆಳಕಿನ ಇತಿಹಾಸ. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದ ಹುಡುಗರು ಓದು ಮುಂದುವರಿಸಿದ್ದು ಫೋರ್ಟಿನ ರಾತ್ರಿಶಾಲೆಗಳಲ್ಲಿ. ಬೆಳಕಿನ ಬೆಲೆಯನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆ ಪರಂಪರೆಯ ವಾರಸುದಾರರು ಕಲೀನಾದ ವಿದ್ಯಾನಗರಿಯಲ್ಲಿ ಓದುವಾಗ, ಪಾಠ ಮುಗಿದ ಕೊಠಡಿಯ ದೀಪ ಆರಿಸುವುದು ಸಿಪಾಯಿಯ ಕೆಲಸವೆಂದು ಭಾವಿಸುವುದು ಉಚಿತವಲ್ಲ.

ಲೆಕ್ಕ ಸರಳವಾದುದು. 20 ವ್ಯಾಟಿನ ಹತ್ತು ಎಲ್‌ಇಡಿ ದೀಪಗಳೂ 75 ವ್ಯಾಟಿನ ನಾಲ್ಕು ಫ್ಯಾನುಗಳೂ ಇರುವ ಒಂದು ಕೊಠಡಿಯಲ್ಲಿ ಸಂಜೆ ಆರರಿಂದ ಬೆಳಗಿನ ಎಂಟರವರೆಗೆ ಎಲ್ಲವೂ ಚಾಲೂ ಇದ್ದರೆ 7 ಯೂನಿಟ್ ವಿದ್ಯುತ್ತು ವ್ಯರ್ಥ. ದೀಪಗಳನ್ನು ಬದಲಾಯಿಸಿದ್ದೇ ದೊಡ್ಡ ಸಾಧನೆಯೆಂದು ಬೀಗುವವರು ಇದರಲ್ಲಿ ಫ್ಯಾನುಗಳ ಪಾಲೇ ಹೆಚ್ಚೆಂಬುದನ್ನು ಗಮನಿಸಬೇಕು. ಹವಾನಿಯಂತ್ರಿತ ಸಭಾಗೃಹಗಳ ಮಾತಂತೂ ಬೇರೆಯೇ.

ಹಣವನ್ನು ವಿಶ್ವವಿದ್ಯಾಲಯ ತೆರುತ್ತದೆ, ನಿಜ. ಆದರೆ ಈ ನಗರದ ಬೆಳಕಿಗೆ ನೆಲ ತೆತ್ತವರು ಬೇರೆಯವರು. ಖೋಪೋಲಿಯ ಜಲವಿದ್ಯುತ್ ಕೇಂದ್ರ 1915ರಲ್ಲಿ ಆರಂಭವಾಯಿತು. ಮುಂದೆ ಮುಳಶಿಯಲ್ಲಿ ಅಣೆಕಟ್ಟಿನ ಕೆಲಸ ತೊಡಗಿದಾಗ ಅಲ್ಲಿಯ ರೈತರು 1921ರಲ್ಲಿ ಸತ್ಯಾಗ್ರಹ ಹೂಡಿದರು. ಸೇನಾಪತಿ ಬಾಪಟರು ಅದನ್ನು ಮುನ್ನಡೆಸಿದರು. ಅಣೆಕಟ್ಟು ನಿಲ್ಲಲಿಲ್ಲ, ಗದ್ದೆಗಳು ಮುಳುಗಿದವು. ಶರಾವತಿಯ ಮುಳುಗಡೆಯನ್ನು ಬಲ್ಲ ಕನ್ನಡಿಗರಿಗೆ ಇದು ಪರರ ಕಥೆಯಲ್ಲ.

ಸಂಜೆ ಮನೆಗೆ ಮರಳುವ ವಿದ್ಯಾರ್ಥಿನಿಯರ ದಾರಿದೀಪಗಳನ್ನು ಉಳಿತಾಯದ ಹೆಸರಿನಲ್ಲಿ ಆರಿಸುವುದು ಮಾತ್ರ ಅವಿವೇಕ. ಕೊಠಡಿಯ ಬಾಗಿಲ ಬಳಿಯಲ್ಲೇ ಒಂದು ಮುಖ್ಯ ಸ್ವಿಚ್ಚು, ಕೊನೆಯ ಪಾಠ ಮುಗಿಸಿದ ಅಧ್ಯಾಪಕರಿಗೇ ಅದರ ಹೊಣೆ: ಇಷ್ಟನ್ನು ಕನ್ನಡ ವಿಭಾಗವು ಯಾವ ಸುತ್ತೋಲೆಗೂ ಕಾಯದೆ ಆರಂಭಿಸಬಹುದು.