ಕಾಲಿನ ಚೀಟಿಯನ್ನು ಕಾದಿರಿಸಿರಿ



ತೊಗರಿ ರಾಶಿಯ ಕಾಲದಲ್ಲಿ ಜೇವರ್ಗಿ ತಾಲೂಕಿನ ರೈತರೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಶಿಬಿರವೊಂದರಲ್ಲಿ ಪಡೆದ ಅವರ ಕೃತಕ ಕಾಲಿನ ಪಾದ ಸೀಳಿತ್ತು. ತಯಾರಿಸಿದವರು ಯಾರು, ಪಾದದ ಅಳತೆ ಎಷ್ಟು, ಕೊಟ್ಟ ದಿನ ಯಾವುದು ಎಂದು ದುರಸ್ತಿಯವರು ಕೇಳಿದಾಗ ಅವರಲ್ಲಿ ಉತ್ತರವಿರಲಿಲ್ಲ. ಚೀಟಿ ಅಂಟಿಸಿದ್ದ ಚೀಲವನ್ನು ಮನೆಯವರು ಎಂದೋ ಎಸೆದಿದ್ದರು. ರಾಶಿ ಮುಗಿಯುವ ತನಕ ಅವರು ಕಣದ ಬದಿಯಲ್ಲಿ ಕುಳಿತೇ ಇರಬೇಕಾಯಿತು.

ಇಂತಹ ಚೀಟಿಗಳ ಮೇಲೆ ಅಚ್ಚಾಗುವ ಕಪ್ಪು ಗೆರೆಗಳೇ ಬಾರ್ ಕೋಡ್. 1974ರ ಜೂನ್ 26ರಂದು ಅಮೆರಿಕದ ಓಹಾಯೊ ರಾಜ್ಯದ ಅಂಗಡಿಯೊಂದರಲ್ಲಿ ಚ್ಯೂಯಿಂಗ್ ಗಮ್ ಪೊಟ್ಟಣದ ಮೇಲಿನ ಗೆರೆಗಳನ್ನು ಯಂತ್ರ ಓದಿದಂದಿನಿಂದ ಇದು ವ್ಯಾಪಾರದಲ್ಲಿ ಬಳಕೆಗೆ ಬಂದಿತು. ಗೆರೆಗಳಲ್ಲಿ ಅಡಗಿರುವುದು ಒಂದು ಸಂಖ್ಯೆ. ಅದರ ವಿವರ ಬರೆದಿಟ್ಟ ದಾಖಲೆ ಇಲ್ಲದಿದ್ದರೆ ಆ ಸಂಖ್ಯೆ ಮೂಕವೇ ಸರಿ.

ಕೃತಕ ಕಾಲಿನಲ್ಲಿ ಎರಡು ಬಗೆಯ ಭಾಗಗಳುಂಟು. ಪಾದ, ಮೊಣಕಾಲಿನ ಕೀಲು ಮುಂತಾದವು ಕಾರ್ಖಾನೆಯಲ್ಲಿ ಅಳತೆಗನುಗುಣವಾಗಿ ಸಿದ್ಧವಾಗುತ್ತವೆ. ಇವುಗಳ ಸಂಖ್ಯೆಯಿಂದ ತಯಾರಕರು, ಅಳತೆ, ಎಡಬಲಗಳು ತಿಳಿಯುತ್ತವೆ. ಒಂದು ತಂಡದ ಸರಕಿನಲ್ಲಿ ದೋಷ ಕಂಡರೆ ಅದನ್ನು ಪಡೆದವರನ್ನೆಲ್ಲ ಹುಡುಕಲೂಬಹುದು. ಆದರೆ ಉಳಿದ ಕಾಲನ್ನು ಹಿಡಿಯುವ ಸಾಕೆಟ್ಟು ಒಬ್ಬರ ಅಚ್ಚಿನಿಂದ ಒಬ್ಬರಿಗಾಗಿಯೇ ಆಗುವಂಥದು. ಅದರ ಸಂಖ್ಯೆ ಧರಿಸುವವರ ಹೆಸರಿನೊಡನೆ ಸೇರಿದ್ದರೆ ಮಾತ್ರ ಸಾರ್ಥಕ.

1968ರಲ್ಲಿ ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮಾ ಹಾಗೂ ಡಾ. ಪಿ. ಕೆ. ಸೇಠಿಯವರು ರೂಪಿಸಿದ ಪಾದವನ್ನು ಧರಿಸಿ ಬರಿಗಾಲಲ್ಲಿ ಹೊಲದಲ್ಲಿ ನಡೆಯಬಹುದು, ಕುಕ್ಕರಗಾಲಲ್ಲಿ ಕೂಡಬಹುದು. ಎಂತಹ ಪಾದವಾದರೂ ದಿನವೂ ದುಡಿದರೆ ಸವೆಯುವುದು ಸಹಜ. ಆಳಂದ, ಅಫಜಲಪುರಗಳ ಎರೆ ಮಣ್ಣಿನ ಕೆಸರಿನಲ್ಲಿ ಅಂಟಿಸಿದ ಕಾಗದವಂತೂ ಉಳಿಯದು.

ಆದುದರಿಂದ ಕೃತಕ ಕಾಲನ್ನಾಗಲಿ ಕ್ಯಾಲಿಪರನ್ನಾಗಲಿ ತಂದ ದಿನವೇ ಅದರ ಚೀಟಿಯನ್ನು ಒಂದು ವಹಿಯಲ್ಲಿ ಅಂಟಿಸಿರಿ. ಕೊಟ್ಟ ಕೇಂದ್ರ, ದಿನಾಂಕ, ಅಳತೆ, ಎಡವೋ ಬಲವೋ ಎಂಬುದನ್ನು ಪಕ್ಕದಲ್ಲಿ ಬರೆದು ಅಂಗವಿಕಲರ ಗುರುತಿನ ಕಾರ್ಡಿನೊಡನೆ ಇಡಿರಿ. 1981ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಮರಳಿ ಸಾಧನ ಪಡೆಯಲು ಸಾಮಾನ್ಯವಾಗಿ 3 ವರ್ಷ, 12 ವರ್ಷದೊಳಗಿನ ಮಕ್ಕಳಿಗೆ 1 ವರ್ಷ ಕಳೆದಿರಬೇಕು. ಅಲ್ಲಿಯೂ ದಿನಾಂಕವೇ ಆಧಾರ. ಶಿಬಿರ ನಡೆಸುವ ಮಹನೀಯರು ಹಾರ ತುರಾಯಿಗಿಂತ ಮೊದಲು ಈ ದಾಖಲೆಯ ಪುಸ್ತಕಕ್ಕೆ ಗಮನ ಕೊಡಲೆಂದು ನಮ್ಮ ಅರಿಕೆ. ಕಾಲು ಕೊಟ್ಟ ಪುಣ್ಯ ಒಂದು ದಿನದ್ದು. ಅದು ಮುರಿದಾಗ ಸರಿಪಡಿಸುವ ಹೊಣೆ ವರ್ಷಗಳದು.